ಒಂದು ಬಟ್ಟಲು ಸೀಕರಣಿ, ಒಂದು ಉಸಿರಿನ ಪೈಪು

ನನ್ನ ಗಂಡ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಅಫಜಲಪುರ ಡಿಪೋದಿಂದ ಹೊರಟು ಗಾಣಗಾಪುರ, ಜೇವರ್ಗಿ, ಆಳಂದ ಎಂದು ಸುತ್ತಿ ಸುತ್ತಿ ನಿವೃತ್ತರಾದರು. ಮನೆಯಲ್ಲಿ ಕೂತ ಮೇಲೂ ಅವರ ದನಿ ಮಾತ್ರ ಬಸ್ ಸ್ಟ್ಯಾಂಡಿನದೇ. ಚಹಾ ಬೇಕೆಂದು ಅಡುಗೆಮನೆಯ ಕಡೆ ಕೂಗಿದರೆ ಓಣಿಯ ತುದಿಯ ಕಿರಾಣಿ ಅಂಗಡಿಗೂ ಕೇಳುತ್ತದೆ. ನಾನು ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವಳು, ನನ್ನದೂ ಸಣ್ಣ ಗಂಟಲಲ್ಲ. ನಾವಿಬ್ಬರೂ ಸುಮ್ಮನೆ ಮಾತಾಡುತ್ತಿದ್ದುದನ್ನು ಜಗಳ ಎಂದು ತಿಳಿದು ಬಿಡಿಸಲು ಬಂದವರಿದ್ದಾರೆ.

ಇಂಥ ಮನುಷ್ಯನ ಲಿವರಿನಲ್ಲಿ ಒಂದು ಗಂಟು ಇದೆ ಎಂದು ಗೊತ್ತಾದ ದಿನ ಮನೆ ಮೊದಲ ಸಲ ತಣ್ಣಗಾಯಿತು. ನಿಂಬೆಹಣ್ಣಿಗಿಂತ ಚಿಕ್ಕದು, ಆದರೆ ಒಳ್ಳೆಯ ಜಾತಿಯದಲ್ಲ ಎಂದರು. ಕಲಬುರಗಿಯ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯದೆ, ಪಕ್ಕೆಯಿಂದ ಉದ್ದನೆಯ ಸೂಜಿ ಹಾಕಿ ಗಂಟನ್ನು ಅಲ್ಲೇ ಸುಟ್ಟುಬಿಡುವ ಚಿಕಿತ್ಸೆ ಇದೆಯೆಂದೂ ಹೇಳಿದರು. ಸೂಜಿ ಹಾಕುವ ಡಾಕ್ಟರ್ ಹೈದರಾಬಾದಿನಿಂದ ವಾರಕ್ಕೊಮ್ಮೆ ಬರುತ್ತಾರೆ. ಆ ದಿನ ತಪ್ಪಿದರೆ ಮುಂದಿನ ವಾರ. ಗಂಟು ಮುಂದಿನ ವಾರದವರೆಗೆ ಸುಮ್ಮನೆ ಕೂರುತ್ತದೆಯೇ ಎಂಬುದೇ ನನಗೆ ಭಯ.

ಚಿಕಿತ್ಸೆಗೆ ನಾಲ್ಕು ದಿನ ಮೊದಲು ನಮ್ಮನ್ನು ಅರಿವಳಿಕೆ ಡಾಕ್ಟರ ಬಳಿ ಕಳಿಸಿದರು. ರೋಗಿಯನ್ನು ಮಲಗಿಸಿ, ಅವನ ಉಸಿರನ್ನು ತಾವು ವಹಿಸಿಕೊಳ್ಳುವ ಡಾಕ್ಟರು. ಹೋಗಿ ನೋಡಿದರೆ ಸಣ್ಣ ವಯಸ್ಸಿನ ಹೆಣ್ಣುಮಗಳು, ತಲೆಗೆ ಸ್ಕಾರ್ಫ್, ಕೈಯಲ್ಲಿ ಒಂದೂ ಬಳೆಯಿಲ್ಲ. ‘ಇವಳು ಐದನೇ ಕ್ಲಾಸಿನಲ್ಲಿ ಮುಂದಿನ ಬೆಂಚಿನವಳು’ ಎಂದು ನಾನು ಮನಸ್ಸಿನಲ್ಲೇ ಹಾಜರಿ ಹಾಕಿದೆ. ಯಾರನ್ನು ಕಂಡರೂ ಬೆಂಚಿನ ಮೇಲೆ ಕೂರಿಸಿ ನೋಡುವುದು ನನ್ನ ಕೆಟ್ಟ ಚಾಳಿ.

ಅವಳು ನಮ್ಮವರ ಬಾಯಿ ತೆರೆಸಿದಳು, ಕತ್ತು ಹಿಂದಕ್ಕೆ ಬಾಗಿಸಿದಳು, ಅಲುಗಾಡುವ ಹಲ್ಲಿದೆಯೇ ಎಂದು ನೋಡಿದಳು, ಗೊರಕೆಯ ಬಗ್ಗೆ ಕೇಳಿದಳು. ಗೊರಕೆಯ ವಿಷಯದಲ್ಲಿ ಉತ್ತರ ನಾನೇ ಕೊಟ್ಟೆ, ಸ್ವಲ್ಪ ವಿವರವಾಗಿಯೇ ಕೊಟ್ಟೆ.

“ಕಾಕಾ, ನೀವು ಮಲಗಿದ ಮ್ಯಾಲ ಉಸಿರಾಡಸಾಕ ಎರಡು ದಾರಿ ಅವ ರೀ,” ಎಂದಳು. “ಒಂದು, ಮೆತ್ತನ್ನ ಬಟ್ಟಲದಂಥಾದ್ದು, ಗಂಟಲದಾಗ ಉಸಿರಿನ ಕೊಳವಿ ಬಾಯಿ ಮ್ಯಾಲ ಕುಂಡರತದ. ಇನ್ನೊಂದು ಪೈಪು, ಕೊಳವಿ ಒಳಗೇ ಹೋಗತದ.”

“ಮೆತ್ತನ್ನದೇ ಹಾಕವಾ,” ಎಂದರು ನಮ್ಮವರು ತಕ್ಷಣ. ಅವರ ಜೊತೆಗಾರ ಡ್ರೈವರೊಬ್ಬರಿಗೆ ಯಾವುದೋ ಆಪರೇಷನ್ನಿನಲ್ಲಿ ಪೈಪು ಹಾಕಿ ಹದಿನೈದು ದಿನ ಗಂಟಲು ಕೂತಿತ್ತಂತೆ. ದನಿಯೇ ಇಲ್ಲದ ಕಂಡಕ್ಟರ್ ಎಂಥ ಕಂಡಕ್ಟರ್ ಎಂಬುದು ಅವರ ಚಿಂತೆ. ಡ್ಯೂಟಿ ಮುಗಿದು ನಾಲ್ಕು ವರ್ಷವಾಗಿದೆ ಎಂದು ನಾನು ನೆನಪಿಸಿದರೂ ಚಿಂತೆ ಹೋಗಲಿಲ್ಲ.

ಅವಳು ಸ್ಕ್ಯಾನಿಂಗ್ ಚಿತ್ರಗಳನ್ನು ನೋಡಿ, ಸದ್ಯಕ್ಕೆ ಮೆತ್ತನೆಯದೇ ಆಗಬಹುದು, ಆದರೆ ಕೊನೆಯ ಮಾತು ಆ ದಿನ ಬೆಳಿಗ್ಗೆ ಹೇಳುತ್ತೇನೆ ಎಂದಳು. ಆಮೇಲೆ ನಮ್ಮವರ ಅಂಗೈ ತೆಗೆದು ಅವರ ಪಕ್ಕೆಲುಬಿನ ಕೆಳಗೇ ಇಟ್ಟು ಉಸಿರು ಎಳೆಯಲು ಹೇಳಿದಳು.

“ಕೈಗೆ ಹತ್ತಿತೇನ್ರಿ? ಉಸಿರು ತೊಗೊಂಡಂಗ ಲಿವರ್ ಕೆಳಗ ಬರತದ, ಬಿಟ್ಟಂಗ ಮ್ಯಾಲ ಹೋಗತದ. ನೀವು ಓಡೋ ಬಸ್ಸಿನ್ಯಾಗ ನಿಂತು ಟಿಕೆಟ್ ಹರದು ಕೊಟ್ಟವ್ರು. ಆದ್ರ ಸೂಜಿ ಹಾಕೋ ಡಾಕ್ಟರಿಗೆ ಬಸ್ ನಿಂತಿರಬೇಕು. ನಿಲ್ಲಸೋದು ನನ್ನ ಕೆಲಸ.”

“ಅಂದ್ರ ಸೀಟಿ ನಿನ್ನ ಕೈಯಾಗ,” ಎಂದರು ಇವರು.

“ಹೌದ್ರಿ. ನಾ ಹೋಲ್ಡಾನ್ ಅಂದ್ರ ಉಸಿರು ನಿಲ್ಲತದ. ರೈಟ್ ಅಂದ್ರ ಹೊಂಡತದ.”

ಅಷ್ಟಕ್ಕೇ ನಮ್ಮವರು ಅವಳ ಕಡೆಯವರಾಗಿಬಿಟ್ಟರು. ನಾನಿನ್ನೂ ಆಗಿರಲಿಲ್ಲ. ಚೆನ್ನಾಗಿ ಮಾತಾಡುವ ಮಕ್ಕಳೆಲ್ಲ ಲೆಕ್ಕ ಸರಿಯಾಗಿ ಮಾಡುವುದಿಲ್ಲ ಎಂಬುದು ನನ್ನ ಅನುಭವ.

ಚಿಕಿತ್ಸೆಯ ಹಿಂದಿನ ಸಂಜೆ ಆಸ್ಪತ್ರೆ ಸೇರಿದೆವು. ರಾತ್ರಿ ಹತ್ತರ ನಂತರ ಏನೂ ತಿನ್ನಬಾರದು, ನೀರು ಮಾತ್ರ ಬೆಳಿಗ್ಗೆ ಆರು ಗಂಟೆಯವರೆಗೆ ಎಂದು ನರ್ಸ್ ಹೇಳಿದಳು. ಹೊಟ್ಟೆಯಲ್ಲಿ ಏನಾದರೂ ಇದ್ದರೆ, ಮಂಪರಿನಲ್ಲಿ ಅದು ಮೇಲಕ್ಕೆ ಬಂದು ಪುಪ್ಪುಸಕ್ಕೆ ಇಳಿದು ಜೀವಕ್ಕೇ ಕುತ್ತು ಬರುತ್ತದೆ ಎಂದೂ ಬಿಡಿಸಿ ಹೇಳಿದಳು. ನಾನು ಬಿಗಿಯಾದ ಹೆಂಗಸು. ತಂದಿದ್ದ ರೊಟ್ಟಿ, ಶೇಂಗಾ ಹಿಂಡಿ ಎಲ್ಲವನ್ನೂ ಚೀಲಕ್ಕೆ ಹಾಕಿ ಗಂಟು ಕಟ್ಟಿ, ಚೀಲವನ್ನು ನನ್ನ ತಲೆಯ ಕೆಳಗಿಟ್ಟುಕೊಂಡು ಮಲಗಿದೆ.

ಬೆಳಿಗ್ಗೆ ಐದಕ್ಕೆ ಇವರು ಎದ್ದರು, ಸ್ನಾನ ಮಾಡಿದರು, ಹಣೆಗೆ ವಿಭೂತಿ ಹಚ್ಚಿಕೊಂಡರು. ಕೊರಳಿನ ಲಿಂಗವನ್ನು ಎಡಗೈಗೆ ತೆಗೆದುಕೊಂಡು ಆಸ್ಪತ್ರೆಯ ಮಂಚದ ಮೇಲೇ ಪೂಜೆಗೆ ಕೂತರು. ಈ ಪೂಜೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಮೊದಲ ಬಸ್ಸಿನ ಡ್ಯೂಟಿ ಇದ್ದ ದಿನ ಇನ್ನೂ ಮುಂಚೆ ಏಳುತ್ತಿದ್ದರು. ಪೂಜೆ ಅಂದ ಮೇಲೆ ಲಿಂಗಕ್ಕೆ ಏನಾದರೂ ಅರ್ಪಿಸಬೇಕು. ನಾನು ಕ್ಯಾಂಟೀನಿನಿಂದ ಹಾಲು ತಂದು, ಎರಡು ಬಾಳೆಹಣ್ಣು ಕಿವುಚಿ, ಒಂದು ಸ್ಟೀಲ್ ಬಟ್ಟಲಿನಲ್ಲಿ ಸೀಕರಣಿ ಮಾಡಿಕೊಟ್ಟೆ. ಅವರಿಗೆ ಸಕ್ಕರೆ ಕಾಯಿಲೆ, ಹಾಗಾಗಿ ಸಕ್ಕರೆ ಹಾಕಲಿಲ್ಲ. ಎಷ್ಟು ಎಚ್ಚರ ನೋಡಿ ನನ್ನದು! ಅವರು ಅರ್ಪಿಸಿದರು, ಕಣ್ಣು ಮುಚ್ಚಿಕೊಂಡರು, ಪ್ರಸಾದವನ್ನು ಒಂದು ಚೂರೂ ಉಳಿಸದೆ ತೆಗೆದುಕೊಂಡರು. ಅರ್ಪಿಸಿದ್ದನ್ನು ಬಿಡುವಂತಿಲ್ಲ, ಚೆಲ್ಲುವಂತಿಲ್ಲ. ಆಗ ಆರು ಗಂಟೆ. ಬಟ್ಟಲು ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದೆ.

ಈಗ ಓದುವವರು ಹಣೆ ಬಡಿದುಕೊಳ್ಳುತ್ತಿರಬಹುದು. ಆದರೆ ನನ್ನಾಣೆ, ಅದು ತಿಂದದ್ದು ಎಂದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ನಮ್ಮ ಮನೆಯಲ್ಲಿ ಉಪವಾಸ ಇದ್ದವರೂ ಪ್ರಸಾದ ತೆಗೆದುಕೊಳ್ಳುತ್ತಾರೆ. ಅದು ಪೂಜೆಯ ಕೊನೆಯ ಭಾಗ, ಊಟದ ಮೊದಲ ಭಾಗವಲ್ಲ. ಎಂಟು ಗಂಟೆಗೆ ನರ್ಸ್ ಕಾಗದ ಹಿಡಿದು ಬಂದು “ಏನರೆ ತಿಂದೀರೇನ್ರಿ?” ಎಂದು ಕೇಳಿದಾಗ ಇವರು ಎಳೆ ಮಗುವಿನ ಮುಖ ಮಾಡಿಕೊಂಡು “ಏನೂ ಇಲ್ಲವಾ” ಎಂದರು. ಅವಳು ನನ್ನ ಕಡೆ ನೋಡಿದಳು. ನಾನೂ “ಇಲ್ಲ” ಎಂದೆ. ಮೂವತ್ತು ವರ್ಷ ಮಕ್ಕಳ ಮುಖ ನೋಡಿ ಸುಳ್ಳು ಹಿಡಿದವಳು ನಾನು. ಆ ಹೊತ್ತು ಕನ್ನಡಿ ಹಿಡಿದಿದ್ದರೂ ನನ್ನ ಮುಖದಲ್ಲಿ ಸುಳ್ಳು ಕಾಣುತ್ತಿರಲಿಲ್ಲ. ನರ್ಸ್ ಸರಿ ಎಂದು ಗುರುತು ಹಾಕಿಕೊಂಡು ಹೋದಳು.

ಒಂಬತ್ತಕ್ಕೆ ಅರಿವಳಿಕೆ ಡಾಕ್ಟರ್ ಬಂದಳು. ಕಾಗದ ಓದಿದಳು, ನಾಡಿ ನೋಡಿದಳು. ಹೊರಡಬೇಕೆಂದು ತಿರುಗಿದವಳು ಇವರ ಹಣೆ ನೋಡಿ ನಿಂತಳು. ಕಿಟಕಿಯ ಬಟ್ಟಲನ್ನೂ ನೋಡಿದಳು. ಆಮೇಲೆ ಸ್ಟೂಲ್ ಎಳೆದುಕೊಂಡು, ಏನೂ ಅವಸರವಿಲ್ಲದವಳ ಹಾಗೆ ಕೂತು ಕೇಳಿದಳು.

“ಪೂಜಿ ಆದಂಗ ಅದಲ್ರಿ ಕಾಕಾ. ಇವತ್ತು ಲಿಂಗಕ್ಕ ಏನು ಎಡಿ ಹಿಡಿದ್ರಿ?”

“ಸೀಕರಣಿ,” ಎಂದರು ಇವರು ಸಂತೋಷದಿಂದ. ಆ ಆಸ್ಪತ್ರೆಯಲ್ಲಿ ಅವರ ಪೂಜೆಯ ಬಗ್ಗೆ ವಿಚಾರಿಸಿದವಳು ಅವಳೊಬ್ಬಳೇ.

“ಚೊಲೋ ಆತು. ಎಲ್ಲಾ ಪ್ರಸಾದ ತೊಗೊಂಡ್ರೇನು?”

“ಮತ್ತ? ಬಿಡತಾರೇನವಾ?”

ಹಿಂದೆ ನಿಂತಿದ್ದ ನರ್ಸಿನ ಬಾಯಿ ತೆರೆದೇ ಉಳಿಯಿತು. ನನಗೆ ಆಗ, ಆಗ ಮಾತ್ರ, ಹೊಳೆಯಿತು. ಒಂದು ಬಟ್ಟಲು ಹಾಲು, ಎರಡು ಬಾಳೆಹಣ್ಣು. ನಾನೇ ಕಿವುಚಿದ್ದು.

ಡಾಕ್ಟರ್ ಬೈಯಲಿಲ್ಲ. ಒಂದು ಸಣ್ಣ ಯಂತ್ರ ತರಿಸಿ, ಹೊಟ್ಟೆಯ ಮೇಲೆ ತಣ್ಣನೆಯ ಲೋಳೆ ಹಚ್ಚಿ, ಅದರ ಹಿಡಿಯನ್ನು ಒತ್ತಿ ನೋಡಿದಳು. ಪರದೆಯನ್ನು ನನ್ನ ಕಡೆಗೂ ತಿರುಗಿಸಿದಳು. ಕರಿಯ ಚೀಲದಂಥದ್ದರೊಳಗೆ ಬಿಳಿ ಬಿಳಿ ಚುಕ್ಕೆಗಳು ತೇಲುತ್ತಿದ್ದವು. ಮದುವೆಯಾಗಿ ಇಷ್ಟು ವರ್ಷಕ್ಕೆ ನಾನು ಮಾಡಿದ ಅಡುಗೆ ಗಂಡನ ಹೊಟ್ಟೆಯಲ್ಲಿ ಹೇಗಿರುತ್ತದೆ ಎಂದು ಕಣ್ಣಾರೆ ಕಂಡೆ.

“ಈಗ ಮಲಗಿಸಿ ಆ ಮೆತ್ತನ್ನ ಬಟ್ಟಲ ಹಾಕಿದ್ದರ, ಇದು ಮ್ಯಾಲ ಬಂದ್ರ ತಡಿಯೋದು ಏನೂ ಇದ್ದಿಲ್ಲ ಟೀಚರ್,” ಎಂದಳು ನನಗಷ್ಟೇ ಕೇಳುವಂತೆ.

ನಮ್ಮವರಿಗೆ ಮಾತ್ರ ಸಿಟ್ಟು ಬಂತು. ಪ್ರಸಾದವನ್ನು ತಿಂಡಿಯ ಸಾಲಿಗೆ ಸೇರಿಸಿದ್ದು ಅವರಿಗೆ ನುಂಗಲಾಗಲಿಲ್ಲ. “ಲಿಂಗಕ್ಕ ಕೊಟ್ಟಿದ್ದು ನನಗ ಕೇಡು ಮಾಡತದೇನು?” ಎಂದು ಬಸ್ ಸ್ಟ್ಯಾಂಡಿನ ದನಿ ತೆಗೆದರು. ವಾರ್ಡಿನ ಆ ತುದಿಯವರೂ ಎದ್ದು ಕೂತರು.

ಅವಳು ಅವರ ಕೈ ಹಿಡಿದಳು. “ಪ್ರಸಾದ ಕೇಡು ಮಾಡಂಗಿಲ್ರಿ ಕಾಕಾ. ಅದು ಹೊಟ್ಟ್ಯಾಗ ಇರಬೇಕು, ಪುಪ್ಪುಸಕ್ಕ ಇಳೀಬಾರದು. ಅದರ ಜಾಗಾದಾಗ ಅದನ್ನ ಇಡೋದು ನನ್ನ ಕೆಲಸ.”

ನಮ್ಮವರು ಬಾಯಿ ಮುಚ್ಚಿದರು. ಅವರ ಬಾಯಿ ಮುಚ್ಚಿಸುವುದು ಸಣ್ಣ ಕೆಲಸವಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಹೈದರಾಬಾದಿನ ಸೂಜಿ ಡಾಕ್ಟರ್ ಹಾಗೆ ಬಾಯಿ ಮುಚ್ಚುವವರಲ್ಲ. ಸಂಜೆ ಅವರಿಗೆ ರೈಲಿತ್ತು. ವರಾಂಡದಲ್ಲಿ ನಿಂತು, ಇವರನ್ನು ಮುಂದಿನ ವಾರಕ್ಕೆ ಹಾಕಿ ಎಂದರು. ನನ್ನ ಕಡೆ ತಿರುಗಿ, “ನೀವು ಟೀಚರ್ ಅಂತೀರಿ, ಇಷ್ಟೂ ತಿಳಿಯಲಿಲ್ಲವೇ? ಕೇಳಿದಾಗ ಸುಳ್ಳು ಯಾಕೆ ಹೇಳಿದಿರಿ?” ಎಂದರು. ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಹಾಗೆ ಮೂಲೆಯಲ್ಲಿ ನಿಲ್ಲಿಸಿರಲಿಲ್ಲ.

ಉತ್ತರ ಕೊಟ್ಟವಳು ಆ ಹುಡುಗಿ. “ಅವರು ಸುಳ್ಳು ಹೇಳಿಲ್ಲ ಸರ್. ನಾವು ಪ್ರಶ್ನೆ ತಪ್ಪು ಕೇಳಿವಿ. ಅವರನ್ನ ಕೊನೀಗೆ ಹಾಕ್ರಿ, ಎರಡು ಗಂಟೆಗೆ ನಾ ತಯಾರ ಮಾಡಿ ಕೊಡ್ತೇನಿ. ಮುಂದಿನ ವಾರಕ್ಕ ಬ್ಯಾಡ.”

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ತಪ್ಪು ಉತ್ತರಕ್ಕೆ ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೆ, ಎಷ್ಟು ಸೊನ್ನೆ ಸುತ್ತಿದ್ದೇನೆ. ಪ್ರಶ್ನೆಯೇ ತಪ್ಪಿರಬಹುದು ಎಂದು ಒಂದು ದಿನವೂ ಅಂದುಕೊಂಡವಳಲ್ಲ. ಮಾದನಹಿಪ್ಪರಗಾದ ಶಾಲೆಯಲ್ಲಿ ಒಬ್ಬಳು ಹುಡುಗಿ ಇದ್ದಳು, ಪ್ರತಿದಿನ ತಡವಾಗಿ ಬರುತ್ತಿದ್ದಳು. “ಯಾಕೆ ತಡ?” ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತಿದ್ದಳು. ಬೆಳಿಗ್ಗೆ ಎದ್ದು ಏನೇನು ಮಾಡಿದೆ ಎಂದು ಕೇಳಿದ್ದರೆ ಹೇಳುತ್ತಿದ್ದಳೇನೋ. ನಾನು ಕೇಳಲಿಲ್ಲ. ಆ ವರಾಂಡದಲ್ಲಿ ಕೂತು ಅವಳು ನೆನಪಾಗಿ ನನಗೆ ನಾಚಿಕೆಯಾಯಿತು.

ಎರಡು ಗಂಟೆಗೆ ಅವಳು ಮತ್ತೆ ಹೊಟ್ಟೆ ನೋಡಿದಳು. ಬಹುಮಟ್ಟಿಗೆ ಖಾಲಿ, ಆದರೆ ಪೂರ್ತಿ ನಂಬುವ ಹಾಗಿಲ್ಲ ಎಂದಳು. ಸಕ್ಕರೆ ಕಾಯಿಲೆಯವರ ಹೊಟ್ಟೆ ನಿಧಾನವಾಗಿ ಕೆಲಸ ಮಾಡುತ್ತದಂತೆ. ಹಾಗಾಗಿ ಮೆತ್ತನೆಯ ಬಟ್ಟಲು ಬೇಡ, ಪೈಪೇ ಸರಿ. ಪೈಪಿನ ಸುತ್ತ ಸಣ್ಣ ಪುಗ್ಗೆಯಂಥದ್ದು ಇರುತ್ತದೆ, ಒಳಗೆ ಹೋದ ಮೇಲೆ ಅದಕ್ಕೆ ಗಾಳಿ ತುಂಬಿದರೆ ಉಸಿರಿನ ದಾರಿಯಲ್ಲಿ ಪೈಪಿನ ಸುತ್ತಲ ಸಂದು ಮುಚ್ಚಿಕೊಳ್ಳುತ್ತದೆ, ಹೊಟ್ಟೆಯದು ಅತ್ತ ಸುಳಿಯುವುದಿಲ್ಲ. “ಗಂಟಲ ನಾಲ್ಕು ದಿನ ಕೂಡತದ ಕಾಕಾ. ನಡೀತದೇನು?” ಎಂದು ಒಪ್ಪಿಗೆ ಕೇಳಿದಳು. ಇವರು ನನ್ನ ಮುಖ ನೋಡಿದರು. ನಡೆಯುತ್ತದೆ ಎಂದು ನಾನೇ ಹೇಳಿದೆ.

ಸ್ಕ್ಯಾನಿಂಗ್ ಕೋಣೆಯ ಪಕ್ಕದಲ್ಲಿ ಗಾಜಿನ ಹಿಂದೆ ಕೂತು ನೋಡುವ ಸಣ್ಣ ಕೋಣೆ ಇದೆ. ಅದರ ಬಾಗಿಲು ಅರ್ಧ ತೆರೆದಿತ್ತು, ನನ್ನ ಬೆಂಚು ಆ ಬಾಗಿಲಿಗೆ ಹತ್ತಿರ. ಚಿತ್ರ ತೆಗೆಯುವಾಗ ಎಲ್ಲರೂ ಅಲ್ಲಿಗೆ ಬರುತ್ತಾರೆ, ಒಳಗೆ ರೋಗಿ ಮತ್ತು ಯಂತ್ರ ಮಾತ್ರ. ಮೊದಲು ಏನೂ ಕೇಳಲಿಲ್ಲ. ಆಮೇಲೆ ಅವಳ ದನಿ ಬಂತು, “ಪೈಪ್ ಕುಂತದ. ಉಸಿರು ಚೊಲೋ ಅದ.” ಸೀಕರಣಿಯ ಭಯ ಕಳೆಯಿತು, ಉಳಿದದ್ದು ಸೂಜಿಯ ಭಯ.

ಸೂಜಿ ಡಾಕ್ಟರ್ ಸಿದ್ಧ ಎಂದರು.

“ಹೋಲ್ಡಾನ್,” ಎಂದಳು ಅವಳು.

ನಾನು ಬೆಚ್ಚಿಬಿದ್ದೆ. ಅವತ್ತು ತಮಾಷೆಗೆ ಹೇಳಿದ್ದಾಳೆ ಎಂದುಕೊಂಡಿದ್ದೆ. ಒಳಗೆ ಪ್ರಜ್ಞೆಯಿಲ್ಲದೆ ಮಲಗಿದ ಮನುಷ್ಯನಿಗೆ ಕೇಳಿಸದಿದ್ದರೂ ಅವಳು ಅದೇ ಮಾತು ಬಳಸುತ್ತಿದ್ದಳು. ಉಸಿರಾಡಿಸುವ ಯಂತ್ರದ ಟುಸ್ ಟುಸ್ ನಿಂತಿತು. ನನ್ನ ಗಂಡನ ಉಸಿರು ನಿಂತಿತು. ನಾನೂ ಉಸಿರು ಕಟ್ಟಿ ಕೂತೆ. ಅವಳು ಮೆಲ್ಲಗೆ ಎಣಿಸುತ್ತಿದ್ದಳು. ಚಿತ್ರ ಬಂತು, ಸೂಜಿ ಸರಿಯಾದ ಜಾಗದಲ್ಲಿದೆ ಎಂದು ಯಾರೋ ಹೇಳಿದರು.

“ರೈಟ್, ರೈಟ್.”

ಯಂತ್ರ ಮತ್ತೆ ಹೊರಟಿತು. ಹೀಗೆ ಎಷ್ಟು ಸಲ ಆಯಿತೋ ನಾನು ಎಣಿಸಲಿಲ್ಲ. ಒಂದು ಸಲ ಸೂಜಿ ಡಾಕ್ಟರ್ ಇನ್ನೂ ಸ್ವಲ್ಪ ಹೊತ್ತು ನಿಲ್ಲಿಸಿ ಎಂದರು. ಅವಳು ಖಡಾಖಂಡಿತವಾಗಿ ಇಲ್ಲ ಎಂದಳು. “ಮೊದಲು ನಾಲ್ಕು ಉಸಿರು ಕೊಡ್ತೇನಿ ಸರ್, ಆಮ್ಯಾಲ ಮತ್ತ ನಿಲ್ಲಿಸ್ತೇನಿ. ನಿಲ್ಲೋದು ಪ್ರತಿ ಸಲ ಅದೇ ಜಾಗಾದಾಗ.” ಬಸ್ಸನ್ನು ಅದೇ ಸ್ಟಾಪಿನಲ್ಲಿ, ಅದೇ ಗೆರೆಯ ಮೇಲೆ ನಿಲ್ಲಿಸುವ ಕಲೆ ಅದು. ಆ ಕಲೆಯ ಬೆಲೆ ಕಂಡಕ್ಟರನ ಹೆಂಡತಿಗೆ ಗೊತ್ತು. ಮುಂದಿನ ಬೆಂಚಿನ ಆ ಹುಡುಗಿಗೆ ನಾನು ಮನಸ್ಸಿನಲ್ಲಿ ನೂರಕ್ಕೆ ನೂರು ಕೊಟ್ಟೆ. ಮೂವತ್ತು ವರ್ಷದಲ್ಲಿ ಯಾರಿಗೂ ಕೊಟ್ಟದ್ದಲ್ಲ ಅದು.

ಸೂಜಿ ಡಾಕ್ಟರಿಗೆ ರೈಲೂ ಸಿಕ್ಕಿತು. ಹೋಗುವಾಗ ನನಗೆ ಕೈ ಮುಗಿದರು. ಕೆಟ್ಟವರಲ್ಲ, ಅವಸರದವರು.

ನಮ್ಮವರ ಗಂಟಲು ನಾಲ್ಕಲ್ಲ, ಆರು ದಿನ ಕೂತಿತ್ತು. ಆ ಆರು ದಿನ ನಮ್ಮ ಓಣಿ ಇದ್ದಷ್ಟು ಶಾಂತವಾಗಿ ಎಂದೂ ಇರಲಿಲ್ಲ. ಏಳನೆಯ ದಿನ ಚಹಾಕ್ಕೆ ಕೂಗಿದರು. ನನಗೆ ಅಳು ಬಂತು, ಆದರೆ ತೋರಿಸಿಕೊಳ್ಳಲಿಲ್ಲ.

ಮೂರು ತಿಂಗಳ ನಂತರದ ಚಿತ್ರದಲ್ಲಿ ಸುಟ್ಟ ಜಾಗ ಚೊಕ್ಕವಾಗಿತ್ತು. ಆದರೆ ಬೇರೆ ಮೂಲೆಯಲ್ಲಿ ಇನ್ನೊಂದು ಸಣ್ಣ ಚುಕ್ಕೆ. ಮತ್ತೆ ಅದೇ ಆಸ್ಪತ್ರೆ, ಅದೇ ಸೂಜಿ, ಅದೇ ಹುಡುಗಿ. ಈ ಸಲ ಇವರೇ “ಪೈಪೇ ಹಾಕವಾ, ರೂಢಿ ಆಗ್ಯಾದ” ಎಂದರು. ನರ್ಸಿನ ಕಾಗದದ ಕೆಳಗೆ ಕೈಬರಹದ ಒಂದು ಹೊಸ ಸಾಲು ಬಂದಿತ್ತು: ಪೂಜೆ, ನಮಾಜು, ದರ್ಗಾ, ಮಠ, ಎಲ್ಲಿಂದಾದರೂ ಪ್ರಸಾದ, ತೀರ್ಥ, ತಬರುಕ್ ಏನು ತೆಗೆದುಕೊಂಡಿರಿ? ಅಕ್ಷರ ಕಾಗೆ ಕಾಲಿನಂತಿತ್ತು. ತಡೆಯಲಾರದೆ ನಾನೇ ಪೆನ್ನು ತೆಗೆದುಕೊಂಡು ಬೇರೆ ಹಾಳೆಯಲ್ಲಿ ದುಂಡಗೆ ಬರೆದುಕೊಟ್ಟೆ. ಈಗ ಆ ವಾರ್ಡಿನಲ್ಲಿ ಕೊಡುವುದು ನನ್ನ ಅಕ್ಷರದ ನಕಲನ್ನೇ.

ಆ ಬೆಳಿಗ್ಗೆಯೂ ಇವರು ಪೂಜೆ ಮಾಡಿದರು. ಎರಡು ಉತ್ತತ್ತಿ ಅರ್ಪಿಸಿದರು. ಒಂದನ್ನು ನನಗೆ ಕೊಟ್ಟರು, ತಿಂದೆ. ಇನ್ನೊಂದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತರು. ತಿನ್ನುವಂತಿಲ್ಲ, ಬಿಡುವಂತಿಲ್ಲ. ಅದನ್ನೂ ನಾನೇ ತಿನ್ನುತ್ತೇನೆ ಎಂದರೆ ಕೊಡಲೊಲ್ಲರು. ಡಾಕ್ಟರ್ ಒಳಗೆ ಬರುತ್ತಲೇ ಅವಳ ಮುಂದೆ ಅಂಗೈ ಚಾಚಿದರು.

“ನಾ ತಿಂದಿಲ್ಲ ಬೇಟಾ. ನನ್ನ ಪಾಲು ನೀ ತೊಗೋ.”

ಅವಳು ಎರಡು ಕೈ ಹಿಡಿದು ತೆಗೆದುಕೊಂಡಳು. ಆಳಂದದಲ್ಲಿ ಅವಳ ಮನೆಗೂ ಪಕ್ಕದ ಲಿಂಗಾಯತರ ಮನೆಗೂ ಒಂದೇ ಗೋಡೆಯಂತೆ, ಆ ಮನೆಯ ಅಜ್ಜಿ ದಿನವೂ ಪೂಜೆ ಮುಗಿಸಿ ಗೋಡೆಯ ಮೇಲಿಂದ ಇವಳ ಕೈಗೆ ಏನಾದರೂ ಹಾಕುತ್ತಿದ್ದರಂತೆ. ಹೇಳುವಾಗ ಅವಳ ತುಟಿ ಒಣಗಿದ್ದನ್ನು ನಾನು ನೋಡಿದೆ.

“ಆದ್ರ ನಾನೂ ಈಗ ತಿನ್ನಂಗಿಲ್ರಿ ಕಾಕಾ. ರೋಜಾ ಅದ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಉತ್ತತ್ತಿಯನ್ನು ಕರವಸ್ತ್ರದ ತುದಿಗೆ ಗಂಟು ಕಟ್ಟಿ ಕೋಟಿನ ಜೇಬಿಗೆ ಹಾಕಿಕೊಂಡಳು. ನೀರೂ ಕುಡಿಯದ ಬಾಯಿಂದ ಆ ಮಧ್ಯಾಹ್ನ ಎಷ್ಟು ಸಲ ಹೋಲ್ಡಾನ್ ಅಂದಳೋ, ಎಷ್ಟು ಸಲ ರೈಟ್ ಅಂದಳೋ.

ಸಂಜೆ ಅವಳು ವಾರ್ಡಿಗೆ ಬಂದಾಗ ಇವರಿಗೆ ಪೂರ್ತಿ ಎಚ್ಚರವಾಗಿತ್ತು, ದನಿ ಮಾತ್ರ ಇರಲಿಲ್ಲ. ಅವಳು ನೀರು ಕುಡಿಸಿ ನೋಡಿದಳು, ಕೆಮ್ಮು ಬರಲಿಲ್ಲ. ಅದೇ ಸ್ಟೂಲಿನ ಮೇಲೆ ಕೂತು ಕರವಸ್ತ್ರದ ಗಂಟು ಬಿಚ್ಚಿದಳು. ಎಲ್ಲೋ ದೂರದ ಮಸೀದಿಯ ಆಜಾನ್ ಕಿಟಕಿಯಿಂದ ಬಂತು. ಉತ್ತತ್ತಿಯನ್ನು ಮುರಿದು ಬೀಜ ತೆಗೆದು ಅರ್ಧ ತನ್ನ ಬಾಯಿಗೆ ಹಾಕಿಕೊಂಡಳು. ಇನ್ನರ್ಧ ನಮ್ಮವರ ಅಂಗೈಗೆ ಇಟ್ಟಳು.

“ಈಗ ನೀವೂ ತಿನ್ನಬಹುದು ಕಾಕಾ.”

ಇವರು ಅದನ್ನು ಹಣೆಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಏನೋ ಹೇಳಲು ಹೋದರು, ಗಂಟಲಿಂದ ಗಾಳಿ ಮಾತ್ರ ಬಂತು. ಎರಡನೆಯ ಸಲ ಪ್ರಯತ್ನಿಸಿದಾಗ, ಬಾಗಿ ಕಿವಿ ಕೊಟ್ಟ ನಮ್ಮಿಬ್ಬರಿಗೆ ಮಾತ್ರ ಕೇಳಿಸಿತು.

“ರೈಟ್, ರೈಟ್.”